ಮೀನಿನ ಎಕಾಲಜಿ ಓದಿದವರು ನ್ಯೂರೋಸೈನ್ಸ್‌ಗೆ ಹೋದರೆ ಹಿಂದಿನ ಓದು ದಂಡವೇ?

ಎಂ.ಎಸ್ಸಿ.ಯಲ್ಲಿ ಮೀನಿನ ಎಕಾಲಜಿ ಮಾಡಿ ಈಗ ಪಿಎಚ್‌ಡಿಗೆ ಮಿದುಳಿನ ಕಡೆ ಹೊರಳಿದರೆ ಕಲಿತದ್ದೆಲ್ಲ ವ್ಯರ್ಥವಾಗುತ್ತದೆಯೇ, ಎರಡನ್ನೂ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಇದ್ದಾರೆ. ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ ಅಮೆರಿಕದ ನರವಿಜ್ಞಾನಿ ರಸೆಲ್ ಫರ್ನಾಲ್ಡ್.

ಅವರು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಪಿಎಚ್‌ಡಿ ಬಯೋಫಿಸಿಕ್ಸ್‌ನಲ್ಲಿ. ಆಮೇಲೆ ಜರ್ಮನಿಯ ಜೀವೀಸನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ, ಒರೆಗಾನ್, ಕೊನೆಗೆ ಸ್ಟ್ಯಾನ್‌ಫರ್ಡ್. ಉದ್ದಕ್ಕೂ ಒಂದೇ ಮೀನು: ಆಫ್ರಿಕಾದ ಟಾಂಗನೀಕಾ ಸರೋವರದ ಅಸ್ಟಾಟೊಟಿಲಾಪಿಯಾ ಬರ್ಟೋನಿ. ನಮ್ಮ ಕೆರೆಗಳ ಜಿಲೇಬಿ ಮೀನಿನ, ಅಂದರೆ ತಿಲಾಪಿಯಾದ, ಸಿಕ್ಲಿಡ್ ಕುಟುಂಬದ್ದೇ.

1977ರಲ್ಲಿ ಪ್ರಕಟವಾದ ಕ್ಷೇತ್ರ ಅಧ್ಯಯನದಲ್ಲಿ ಅವರು ನೋಡಿದ್ದು ದಡದ ಆಳವಿಲ್ಲದ ನೀರಿನಲ್ಲಿ ಈ ಮೀನು ಬದುಕುವ ರೀತಿ. ಗಂಡುಗಳಲ್ಲಿ ಒಂದಷ್ಟು ಮಾತ್ರ ಜಾಗ ಹಿಡಿಯುತ್ತವೆ. ಅವುಗಳ ಬಣ್ಣ ಗಾಢ, ಕಣ್ಣಿನಿಂದ ಇಳಿಯುವ ಕಪ್ಪು ಪಟ್ಟೆ ಎದ್ದು ಕಾಣುತ್ತದೆ. ತಳದಲ್ಲಿ ಗುಂಡಿ ತೋಡಿ ಹೆಣ್ಣನ್ನು ಕರೆಯುತ್ತವೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಜಾಗವಿಲ್ಲದ ಗಂಡುಗಳು ಪೇಲವ, ಹೆಣ್ಣುಗಳ ಜೊತೆ ಬೆರೆತು ಈಜುತ್ತವೆ. ಜಾಗ ಸಿಕ್ಕರೆ ನಿಮಿಷಗಳಲ್ಲಿ ಬಣ್ಣ ಬರುತ್ತದೆ. ಜಾಗ ಹೋದರೆ ಬಣ್ಣವೂ ಹೋಗುತ್ತದೆ.

ಮಿದುಳಿನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ. ಸಂತಾನೋತ್ಪತ್ತಿಯನ್ನು ನಡೆಸುವ ಜಿಎನ್‌ಆರ್‌ಎಚ್ ಹಾರ್ಮೋನಿನ ನರಕೋಶಗಳು ಮಿದುಳಿನ ಪ್ರಿಆಪ್ಟಿಕ್ ಭಾಗದಲ್ಲಿವೆ. ಜಾಗ ಹಿಡಿದ ಗಂಡಿನಲ್ಲಿ ಈ ಕೋಶಗಳ ಗಾತ್ರ ಸುಮಾರು ಎಂಟು ಪಟ್ಟು ಹೆಚ್ಚು ಎಂದು 1990ರ ಸುಮಾರಿಗೆ ತೋರಿಸಿದರು. ಸ್ಥಾನ ಬದಲಾದರೆ ಕೋಶದ ಗಾತ್ರವೂ ಬದಲಾಗುತ್ತದೆ. ಏರುವಾಗ ಬೇಗ ಹಿಗ್ಗುತ್ತವೆ, ಇಳಿಯುವಾಗ ನಿಧಾನವಾಗಿ ಕುಗ್ಗುತ್ತವೆ.

ಈ ಪ್ರಯೋಗವನ್ನು ಲ್ಯಾಬಿನ ತೊಟ್ಟಿಯಲ್ಲಿ ಮಾಡುವಾಗ ಎಡವುವುದೇ ಹೆಚ್ಚು. ನೀರು 28 ಡಿಗ್ರಿ ಸೆಲ್ಸಿಯಸ್, ಪಿಎಚ್ 8ರ ಆಸುಪಾಸು, 12 ಗಂಟೆ ಬೆಳಕು, 12 ಗಂಟೆ ಕತ್ತಲೆ, ಇಷ್ಟನ್ನು ಎಲ್ಲರೂ ಹೊಂದಿಸುತ್ತಾರೆ. ತಳಕ್ಕೆ ಜಲ್ಲಿ ಹಾಸಿ, ಅರ್ಧಕ್ಕೆ ಸೀಳಿದ ಮಣ್ಣಿನ ಕುಂಡ ಇಡದಿದ್ದರೆ ಗಂಡಿಗೆ ಕಾಯಲು ಏನೂ ಇರುವುದಿಲ್ಲ. ಸ್ಥಿರವಾದ ಯಜಮಾನಿಕೆ ನಿಲ್ಲುವುದಿಲ್ಲ, ಕೋಶ ಅಳೆದು ಪ್ರಯೋಜನವಿಲ್ಲ. ದೊಡ್ಡ ಯಜಮಾನನನ್ನು (ಜಾಗ ಹಿಡಿದ ಗಂಡು) ಪುಟ್ಟ ಅಧೀನನ (ಜಾಗವಿಲ್ಲದ ಗಂಡು) ಜೊತೆ ಹೋಲಿಸಿದರೆ ದೇಹದ ಗಾತ್ರದ ವ್ಯತ್ಯಾಸವೇ ಫಲಿತಾಂಶವಾಗಿ ಕಾಣುತ್ತದೆ. ಸ್ಲೈಡ್ ಅಳೆಯುವವರಿಗೆ ಯಾವ ಮೀನು ಯಾವುದೆಂದು ತಿಳಿದಿರಲೂ ಬಾರದು.

ಅವರ ಗುಂಪಿನ 2005ರ ಪ್ರಯೋಗವನ್ನು ನಿಧಾನವಾಗಿ ಓದಿ. ಬೆಳಕು ಬರುವ ಒಂದು ಗಂಟೆ ಮೊದಲು, ಕತ್ತಲಲ್ಲೇ, ಇನ್‌ಫ್ರಾರೆಡ್ ಕನ್ನಡಕ ಹಾಕಿಕೊಂಡು ಯಜಮಾನನನ್ನು ಎತ್ತಿಬಿಡುತ್ತಾರೆ. ಬೆಳಕಾದಾಗ ಅಧೀನ ಗಂಡಿಗೆ ಮೈದಾನ ಖಾಲಿ. ಅದು ಏರುತ್ತಿದ್ದಂತೆ ಪ್ರಿಆಪ್ಟಿಕ್ ಭಾಗದಲ್ಲಿ ನರಕೋಶ ಚುರುಕಾದುದರ ಗುರುತಾದ ಇಜಿಆರ್-1 ಎಂಬ ಜೀನ್ ಜೋರಾಗಿ ಚಾಲೂ ಆಗುತ್ತದೆ. ಹಗಲಲ್ಲಿ ಬಲೆ ಹಾಕಿದ್ದರೆ? ಈ ಜೀನ್ ಬೆದರಿಕೆ, ಗಲಾಟೆ ಎಲ್ಲಕ್ಕೂ ಎಚ್ಚರವಾಗುತ್ತದೆ, ಆಗ ಯಾವುದು ಯಾವುದರ ಗುರುತೆಂದು ಹೇಳುವಂತಿಲ್ಲ. ಅದಕ್ಕೇ ಮೊದಲಿನಿಂದಲೂ ಯಜಮಾನರಾಗಿದ್ದವನ್ನೂ ಅಧೀನವಾಗಿಯೇ ಉಳಿದವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಎರಡರಲ್ಲೂ ಈ ಏರಿಕೆ ಕಾಣಲಿಲ್ಲ. ಬೆಳಕಿಗೆ ಮೊದಲೇ ಎತ್ತಬೇಕೆಂಬ ಉಪಾಯ ಹೊಳೆಯುವುದು ಮೀನನ್ನು ದಿನವಿಡೀ ನೋಡಿದವರಿಗೆ. ನಿಮ್ಮಲ್ಲಿರುವುದು ಆ ತರಬೇತಿಯೇ.

ಇಲ್ಲಿ ಬೆಂಗಳೂರಿನಲ್ಲೇ ಕದ ತಟ್ಟಲು ಜಾಗಗಳಿವೆ. ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ವಿಶ್ವೇಶ ಗುತ್ತಲ್ ಅವರ ಗುಂಪು ಕರಿಮೀನಿನ ಹಿಂಡುಗಳ ಚಲನೆ ಅಳೆದಿದೆ; ಅದೂ ಇದೇ ಸಿಕ್ಲಿಡ್ ಕುಟುಂಬ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವತ್ಸಲಾ ತಿರುಮಲೈ ಅವರ ಗುಂಪು ಜೀಬ್ರಾಫಿಶ್ ಮರಿಗಳ ಸೆರೆಬೆಲ್ಲಮ್ (ಕಿರುಮಿದುಳು) ಮೇಲೆ ಕೆಲಸ ಮಾಡಿದೆ. ಆ ಮರಿಗಳ ಮೈ ಪಾರದರ್ಶಕ, ಜೀವಂತ ಮಿದುಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಆದರೆ ಅಷ್ಟು ಎಳೆಯ ಮರಿಯಲ್ಲಿ ಜಾಗದ ಜಗಳ, ಯಜಮಾನಿಕೆ ಹುಡುಕಲು ಹೋಗಬೇಡಿ.

ಅರ್ಜಿ ಹಾಕುವ ಮುಂಚೆ ಎರಡು ಕೆಲಸ ಕೈಗೆ ಹತ್ತಿಸಿಕೊಳ್ಳಿ. ಕ್ರಯೋಸ್ಟಾಟ್ ಎಂಬ, ಹೆಪ್ಪುಗಟ್ಟಿಸಿದ ಅಂಗಾಂಶ ಕೊಯ್ಯುವ ಯಂತ್ರದಲ್ಲಿ ಮಿದುಳಿನ ತೆಳು ಸೆಕ್ಷನ್ ಕೊಯ್ದು ಬಣ್ಣ ಹಾಕುವುದು ಒಂದು, ವಿಡಿಯೊದಿಂದ ವರ್ತನೆ ಎಣಿಸಿ ಪೈಥಾನ್ ಅಥವಾ ಆರ್‌ನಲ್ಲಿ ವಿಶ್ಲೇಷಿಸುವುದು ಇನ್ನೊಂದು. ಮೊದಲನೆಯದು ಪುಸ್ತಕ ಓದಿ ಬರುವುದಿಲ್ಲ, ಯಾವುದಾದರೂ ಹಿಸ್ಟಾಲಜಿ (ಅಂಗಾಂಶ ಅಧ್ಯಯನ) ಲ್ಯಾಬ್‌ನಲ್ಲಿ ಕೂತೇ ಕಲಿಯಬೇಕು.