ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಮೀಕ್ಷೆಯ ಪ್ರಶ್ನಾವಳಿ ಬರೆಯುವುದು ಹೇಗೆ?

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘಗಳ ಸಾಲದ ಬಳಕೆ ಕುರಿತು ಎಂ.ಎಸ್‌.ಡಬ್ಲ್ಯು. ಪ್ರಬಂಧ ಬರೆಯುತ್ತಿದ್ದೇನೆ. ಪ್ರಶ್ನಾವಳಿ 62 ಪ್ರಶ್ನೆಗಳಷ್ಟು ಬೆಳೆದಿದೆ. ಅರ್ಧಕ್ಕೆ ಇಳಿಸು ಎನ್ನುತ್ತಾರೆ ಗೈಡ್. ಯಾವುದನ್ನು ನೋಡಿದರೂ ಬೇಕು ಅನಿಸುತ್ತದೆ. ಏನು ಮಾಡಲಿ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪ್ರಶ್ನಾವಳಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ರಬಂಧದಲ್ಲಿ ಕೊನೆಗೆ ಬರಬೇಕಾದ ಕೋಷ್ಟಕಗಳನ್ನು ಖಾಲಿಯಾಗಿಯೇ ಒಂದು ಹಾಳೆಯಲ್ಲಿ ಬರೆಯಿರಿ. ಅಡ್ಡ ಸಾಲಿನಲ್ಲಿ ಸಾಲ ಯಾವುದಕ್ಕೆ ಖರ್ಚಾಯಿತು, ಕಂಬ ಸಾಲಿನಲ್ಲಿ ಆ ತೀರ್ಮಾನ ಯಾರದು – ಹೀಗೆ. ಆಮೇಲೆ 62 ಪ್ರಶ್ನೆಗಳನ್ನೂ ಒಂದೊಂದಾಗಿ ತೆಗೆದು, ಇದರ ಉತ್ತರ ಯಾವ ಕೋಷ್ಟಕದ ಯಾವ ಮನೆಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಜಾಗ ಸಿಗದ ಪ್ರಶ್ನೆಯನ್ನು ಹೊಡೆದುಹಾಕಿ. ‘ಮುಂದೆ ಬೇಕಾದೀತು, ಇರಲಿ’ ಎಂದು ಸೇರಿಸಿದವೆಲ್ಲ ಇಲ್ಲೇ ಉದುರುತ್ತವೆ. ಮನೆಬಾಗಿಲಿನಲ್ಲಿ ಕುಳಿತು ಕೇಳುವ ಸಂದರ್ಶನ 20ರಿಂದ 25 ನಿಮಿಷ ದಾಟಬಾರದು. ಒಲೆಯ ಮೇಲೆ ಅನ್ನವಿಟ್ಟು ಬಂದವರು ಆಮೇಲೆ ಕೊಡುವ ಉತ್ತರ ನಿಮ್ಮನ್ನು ಬೇಗ ಕಳಿಸಲಿಕ್ಕಾಗಿ ಇರುತ್ತದೆ.

ಉಳಿದ ಪ್ರಶ್ನೆಗಳ ಮಾತನ್ನು ತಿದ್ದಬೇಕು. ಇಂಥ ಪ್ರಬಂಧಗಳಲ್ಲಿ ‘ಸಂಘದಿಂದ ನಿಮ್ಮ ಸಬಲೀಕರಣವಾಗಿದೆಯೇ?’ ಎಂಬ ಪ್ರಶ್ನೆ ತಪ್ಪದೆ ಇರುತ್ತದೆ. ದಯವಿಟ್ಟು ಅದನ್ನು ಬಿಡಿ. ಸಬಲೀಕರಣವಾಯಿತೋ ಇಲ್ಲವೋ ಎಂದು ಹೇಳಬೇಕಾದವರು ನೀವು. ಅದಕ್ಕೆ ಬೇಕಾದ ಸಂಗತಿಗಳನ್ನಷ್ಟೇ ಅವರು ಕೊಡಬಲ್ಲರು. ‘ಕೊನೆಯ ಸಲ ಸಂಘದಿಂದ ಸಾಲ ತಗೊಂಡಾಗ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ತೀರ್ಮಾನ ಮಾಡಿದವರು ಯಾರು?’ ಎಂದು ಕೇಳಿ. ಆಯ್ಕೆಗಳು: ನಾನೇ, ಗಂಡ, ಇಬ್ಬರೂ ಕೂಡಿ, ಅತ್ತೆ-ಮಾವ, ಮಕ್ಕಳು, ಬೇರೆಯವರು. ‘ಸಾಮಾನ್ಯವಾಗಿ ಯಾರು ತೀರ್ಮಾನಿಸುತ್ತಾರೆ?’ ಎಂದರೆ ಮನೆಯ ಮರ್ಯಾದೆಗೆ ತಕ್ಕ ಉತ್ತರ ಬರುತ್ತದೆ. ‘ಕೊನೆಯ ಸಲ’ ಎಂದಾಗ ನಡೆದದ್ದು ನೆನಪಾಗುತ್ತದೆ. ‘ನಿಮ್ಮ ಆದಾಯ ಮತ್ತು ಗೌರವ ಹೆಚ್ಚಿದೆಯೇ?’ ಎಂಬುದು ಎರಡು ಪ್ರಶ್ನೆ. ಆದಾಯ ಹೆಚ್ಚಿ ಗೌರವ ಹೆಚ್ಚದವರು ಅದಕ್ಕೆ ಏನು ಹೇಳಬೇಕು?

ಸಾಲದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅರ್ಜಿಯಲ್ಲಿ ‘ಹೈನುಗಾರಿಕೆ’ ಎಂದು ಬರೆಸಿ ಮಗಳ ಫೀಸು ಕಟ್ಟಿದವರು, ಉದ್ದೇಶ ಕೇಳಿದರೆ ‘ಹೈನುಗಾರಿಕೆ’ ಎಂದೇ ಹೇಳುತ್ತಾರೆ. ಸಂಘದ ಅಧ್ಯಕ್ಷೆ ಪಕ್ಕದಲ್ಲಿ ಕೂತಿದ್ದರಂತೂ ಹೇಳಲೇಬೇಕು. ಆದ್ದರಿಂದ ಸಂಘದ ಸಭೆಯಲ್ಲಿ ಕೇಳಬೇಡಿ, ಅವರವರ ಮನೆಯಲ್ಲಿ ಕೇಳಿ. ‘ದುಡ್ಡು ಕೈಗೆ ಬಂದ ಮೇಲೆ ಮೊದಲು ಯಾವುದಕ್ಕೆ ಕೊಟ್ಟಿರಿ, ಎಷ್ಟು? ಆಮೇಲೆ?’ ಎಂದು ಕೇಳುತ್ತ, ಒಟ್ಟು ಸಾಲದ ಮೊತ್ತಕ್ಕೆ ತಾಳೆಯಾಗುವವರೆಗೆ ಬರೆದುಕೊಳ್ಳಿ.

ಜಾತಿ, ಆದಾಯಗಳನ್ನು ಕೊನೆಗೆ ಇಡಿ. ‘ತಿಂಗಳ ಆದಾಯ ಎಷ್ಟು?’ ಎಂದರೆ ಬಿಪಿಎಲ್ ಕಾರ್ಡ್ ಹೋದೀತು ಎಂಬ ಭಯದಿಂದ ಕಡಿಮೆ ಹೇಳುವುದು ಸಹಜ. ನಿಮ್ಮ ವಿಷಯಕ್ಕೆ ಆದಾಯದ ಅಂಕಿ ಬೇಕೇಬೇಕೆಂದಿಲ್ಲದಿದ್ದರೆ ಜಮೀನು, ಜಾನುವಾರು, ಮನೆಯ ಚಾವಣಿ, ದ್ವಿಚಕ್ರ ವಾಹನ ಇವುಗಳ ಮೇಲೆ ಮನೆಯ ಸ್ಥಿತಿ ಅಳೆಯಿರಿ.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಸಂಸ್ಥೆಯ ಸದಸ್ಯರನ್ನು ‘ಕಳೆದ ವರ್ಷ ಶೇಂಗಾ ಬೆಳೆಗೆ ಎಷ್ಟು ಖರ್ಚಾಯಿತು?’ ಎಂದು ಕೇಳಿದೆವು. ಎಕರೆಗೆ 8,000 ಎಂದವರೂ ಇದ್ದಾರೆ, 40,000 ಎಂದವರೂ ಇದ್ದಾರೆ. ಅಕ್ಕಪಕ್ಕದ ಹೊಲದವರಲ್ಲೇ ಇಷ್ಟು ಅಂತರ. ಯಾರನ್ನು ನಂಬುವುದು?
– ಸಂಸ್ಥೆಯ ಸಿಬ್ಬಂದಿ, ಚಳ್ಳಕೆರೆ

ಉತ್ತರ: ಇಬ್ಬರೂ ನಿಜವನ್ನೇ ಹೇಳಿರಬಹುದು. ನಿಮ್ಮ ಒಂದು ಸಾಲಿನ ಪ್ರಶ್ನೆಯನ್ನು ಅವರು ಬೇರೆ ಬೇರೆಯಾಗಿ ತಿಳಿದುಕೊಂಡಿದ್ದಾರೆ. ‘ಕಳೆದ ವರ್ಷ’ ಎಂದರೆ ಒಬ್ಬರಿಗೆ ಹಿಂದಿನ ಮುಂಗಾರು, ಇನ್ನೊಬ್ಬರಿಗೆ ಯುಗಾದಿಯಿಂದ ಯುಗಾದಿಗೆ, ಬ್ಯಾಂಕಿನ ವ್ಯವಹಾರ ಇರುವವರಿಗೆ ಏಪ್ರಿಲ್‌ನಿಂದ ಮಾರ್ಚ್. ‘ಖರ್ಚು’ ಎಂದರೆ ಒಬ್ಬರಿಗೆ ಜೇಬಿನಿಂದ ಹೋದ ನಗದು ಮಾತ್ರ. ಇನ್ನೊಬ್ಬರು ಮನೆಯಲ್ಲಿ ಉಳಿಸಿಟ್ಟ ಬೀಜ, ಸ್ವಂತ ಎತ್ತು, ಹೆಂಡತಿ-ಮಕ್ಕಳ ದುಡಿಮೆಗೂ ಬೆಲೆ ಕಟ್ಟಿ ಹೇಳಿರುತ್ತಾರೆ.

ಒಟ್ಟು ಮೊತ್ತವನ್ನು ರೈತರಿಂದ ಕೇಳಬೇಡಿ, ಬಿಡಿಬಿಡಿಯಾಗಿ ಕೇಳಿ ನೀವೇ ಕೂಡಿ. ಉಳುಮೆ, ಬೀಜ, ಬಿತ್ತನೆ, ಗೊಬ್ಬರ, ಜಿಪ್ಸಂ, ಕಳೆ ತೆಗೆಸಿದ್ದು, ಔಷಧಿ ಹೊಡೆಸಿದ್ದು, ಗಿಡ ಕಿತ್ತಿದ್ದು, ಕಾಯಿ ಬಿಡಿಸಿದ್ದು, ಸಾಗಿಸಿದ್ದು: ಕೆಲಸ ನಡೆಯುವ ಕ್ರಮದಲ್ಲೇ ಪ್ರಶ್ನೆಗಳೂ ಸಾಗಿದರೆ ನೆನಪು ಒಂದನ್ನೊಂದು ಎಳೆದುಕೊಂಡು ಬರುತ್ತದೆ. ಪ್ರತಿಯೊಂದಕ್ಕೂ ನಗದು ಕೊಟ್ಟದ್ದು, ಸ್ವಂತದ್ದು ಎಂದು ಎರಡು ಕಾಲಂ ಇರಲಿ. ಮುಯ್ಯಾಳು (ಕೂಲಿಯ ಬದಲು ಕೆಲಸಕ್ಕೆ ಕೆಲಸ) ಲೆಕ್ಕದಲ್ಲಿ ಬಂದವರಿಗೆ ಪ್ರತ್ಯೇಕ ಜಾಗ ಕೊಡಿ, ಇಲ್ಲವಾದರೆ ಅವರು ಎಲ್ಲೂ ಸೇರುವುದಿಲ್ಲ. ಕೂಲಿಯನ್ನು ‘ಎಷ್ಟು ಕೊಟ್ಟಿರಿ?’ ಎನ್ನುವ ಬದಲು ಎಷ್ಟು ಆಳು, ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಕೇಳಿ, ಗಂಡಾಳು ಹೆಣ್ಣಾಳು ಬೇರೆ ಬೇರೆ ಬರೆಯಿರಿ. ಬೀಜದಲ್ಲಿ ಕಾಯಿಯೋ ಸುಲಿದ ಬೀಜವೋ ಎಂಬುದನ್ನು ಗುರುತಿಸದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಎಷ್ಟು ಚೀಲ, ಚೀಲಕ್ಕೆ ಎಷ್ಟು ಕೆ.ಜಿ. ಎಂಬ ಎರಡೂ ಬೇಕು. ಜಮೀನನ್ನು ಎಕರೆ-ಗುಂಟೆಯಲ್ಲೇ ಬರೆದುಕೊಳ್ಳಿ. 2 ಎಕರೆ 10 ಗುಂಟೆಯನ್ನು ಕಂಪ್ಯೂಟರಿಗೆ 2.10 ಎಂದು ಹಾಕುವ ತಪ್ಪು ಆಗಾಗ ಆಗುತ್ತದೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಅದು 2.25.

ನೆನಪಿನ ಅವಧಿ ಅಂಕಿಯನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. ಕುಟುಂಬಗಳ ಆಹಾರದ ಖರ್ಚನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆ ಬಹುಕಾಲ ‘ಕಳೆದ 30 ದಿನ’ಗಳಿಗೆ ಕೇಳುತ್ತಿತ್ತು. 1990ರ ದಶಕದ ಪ್ರಾಯೋಗಿಕ ಸುತ್ತುಗಳಲ್ಲಿ ಕೆಲವು ಮನೆಗಳಿಗೆ ‘ಕಳೆದ 7 ದಿನ’ ಎಂದು ಕೇಳಿದಾಗ, ತಿಂಗಳ ಲೆಕ್ಕಕ್ಕೆ ತಂದ ಖರ್ಚು ಗಮನಾರ್ಹವಾಗಿ ಹೆಚ್ಚು ಬಂತು. 1999-2000ರ 55ನೇ ಸುತ್ತಿನಲ್ಲಿ ಎರಡೂ ಅವಧಿಗಳನ್ನು ಒಂದೇ ಮನೆಯಲ್ಲಿ ಅಕ್ಕಪಕ್ಕ ಕೇಳಿದರು. ಒಂದು ಉತ್ತರದ ಪ್ರಭಾವ ಇನ್ನೊಂದರ ಮೇಲೆ ಬಿತ್ತು, ಈ ಖರ್ಚಿನಿಂದಲೇ ಲೆಕ್ಕ ಹಾಕುವ ಬಡತನ ಎಷ್ಟು ಇಳಿಯಿತು ಎಂಬುದರ ಬಗ್ಗೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದ ಮಾಡಬೇಕಾಯಿತು. ಈಗ ತರಕಾರಿ, ಮೊಟ್ಟೆ, ಎಣ್ಣೆಯಂಥವಕ್ಕೆ 7 ದಿನ, ಅಕ್ಕಿ-ಬೇಳೆಗೆ 30 ದಿನ, ಬಟ್ಟೆ ಮತ್ತು ಬಾಳಿಕೆಯ ವಸ್ತುಗಳಿಗೆ 365 ದಿನ ಎಂದು ಬೇರೆ ಬೇರೆ ಅವಧಿ ಇದೆ. ಪದೇ ಪದೇ ಆಗುವ ಸಣ್ಣ ಖರ್ಚು ಬೇಗ ಮರೆಯುತ್ತದೆ, ಅಪರೂಪದ ದೊಡ್ಡ ಖರ್ಚು ಮರೆಯುವುದಿಲ್ಲ ಎಂಬುದೇ ಅದರ ಹಿಂದಿನ ಕಾರಣ.

ನೀವು ಕಾಯಿ ಮಾರಿದ ಕೂಡಲೇ, ದೀಪಾವಳಿಯ ಆಸುಪಾಸಿನಲ್ಲಿ ಕೇಳುವುದು ಒಳ್ಳೆಯದು. ‘ಕಾರ ಹುಣ್ಣಿಮೆಯಿಂದ ಈಚೆಗೆ’ ಎಂಬಂತೆ ಹಬ್ಬ, ಊರ ಜಾತ್ರೆಗಳನ್ನು ಗುರುತಾಗಿಟ್ಟುಕೊಂಡರೆ ಹಿಂದಿನ ವರ್ಷದ ಖರ್ಚು ಈ ವರ್ಷಕ್ಕೆ ನುಸುಳುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಗ್ರಾಮ ಪಂಚಾಯಿತಿ ಗ್ರಂಥಾಲಯದ ಸೇವೆ ಹೇಗಿದೆ ಎಂದು ಓದುಗರಿಗೆ ಹಾಳೆ ಕೊಟ್ಟೆ. ‘ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿಲ್ಲ’ ಎಂಬ ಆಯ್ಕೆಗಳು. ಎಲ್ಲರೂ ‘ತುಂಬಾ ಚೆನ್ನಾಗಿದೆ’ ಎಂದು ಗುರುತು ಹಾಕಿದ್ದಾರೆ. ಇದರಿಂದ ನನಗೆ ಏನೂ ತಿಳಿಯಲಿಲ್ಲ.
– ಗ್ರಂಥಾಲಯ ಮೇಲ್ವಿಚಾರಕರು, ಶಿವಮೊಗ್ಗ ಜಿಲ್ಲೆ

ಉತ್ತರ: ನಾಲ್ಕರಲ್ಲಿ ಮೂರು ಆಯ್ಕೆ ಹೊಗಳಿಕೆಯವು, ಹಾಳೆ ಕೊಟ್ಟವರು ನೀವೇ, ವಾಪಸು ಪಡೆದವರೂ ನೀವೇ. ಬೇರೆ ಉತ್ತರ ಬರುವುದು ಕಷ್ಟ. ಹೆಸರು ಕೇಳದೆ, ಬೀಗ ಹಾಕಿದ ಡಬ್ಬಿಗೆ ಹಾಕಿಸಿ. ಆಯ್ಕೆಗಳು ಎರಡೂ ಕಡೆ ಸಮವಾಗಿರಲಿ: ತುಂಬಾ ತೃಪ್ತಿ, ತಕ್ಕಮಟ್ಟಿಗೆ ತೃಪ್ತಿ, ಎರಡೂ ಇಲ್ಲ, ತಕ್ಕಮಟ್ಟಿಗೆ ಅತೃಪ್ತಿ, ತುಂಬಾ ಅತೃಪ್ತಿ. ಓದಲು ಬಾರದವರಿಗೆ ಬಾಯಲ್ಲಿ ಕೇಳುವಾಗ ಐದನ್ನೂ ಒಟ್ಟಿಗೆ ಹೇಳಿದರೆ ಕೊನೆಯದು ಮಾತ್ರ ಕಿವಿಯಲ್ಲಿ ಉಳಿಯುತ್ತದೆ. ಮೊದಲು ‘ತೃಪ್ತಿಯೋ, ಅತೃಪ್ತಿಯೋ?’ ಎಂದು ಕೇಳಿ, ಆಮೇಲೆ ‘ತುಂಬಾನೋ, ಸ್ವಲ್ಪಾನೋ?’ ಎನ್ನಿ. ಕಾಗದದ ಮೇಲೆ ಇದು ತಿರುಗುಮುರುಗು, ಅಲ್ಲಿ ಮೊದಲ ಆಯ್ಕೆಗಳಿಗೇ ಗುರುತು ಹೆಚ್ಚು ಬೀಳುತ್ತದೆ.

ಆದರೆ ತೃಪ್ತಿಗಿಂತ ನಡೆದದ್ದನ್ನು ಕೇಳುವುದೇ ನಿಮಗೆ ಹೆಚ್ಚು ಉಪಯೋಗ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ ಬಂದಿರಿ?’, ‘ಕಳೆದ ಸಲ ಬಂದಾಗ ಬೇಕಾದ ಪುಸ್ತಕ ಅಥವಾ ಪತ್ರಿಕೆ ಸಿಗದೆ ಹೋದದ್ದುಂಟೇ? ಯಾವುದು?’, ‘ಬಂದಾಗ ಬಾಗಿಲು ಹಾಕಿದ್ದುಂಟೇ? ಎಷ್ಟು ಗಂಟೆಗೆ?’ ಇವಕ್ಕೆ ಬಂದ ಉತ್ತರದಿಂದ ನಾಳೆಯೇ ಏನಾದರೂ ಸರಿಮಾಡಬಹುದು.

ಶಬ್ದಗಳ ಆಯ್ಕೆಗೂ ಗಮನ ಕೊಡಿ. ‘ಇಲ್ಲಿ ಮೊಬೈಲ್ ನಿಷೇಧಿಸಬೇಕೇ?’ ಮತ್ತು ‘ಇಲ್ಲಿ ಮೊಬೈಲ್ ಬಳಸಲು ಬಿಡಬೇಕೇ?’ ಒಂದೇ ಅನಿಸಿದರೂ ಒಂದೇ ಫಲ ಕೊಡುವುದಿಲ್ಲ. ಅಮೆರಿಕದಲ್ಲಿ 1941ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳನ್ನು ‘ನಿಷೇಧಿಸಬೇಕು’ ಎಂದವರು ಶೇ 54. ಅದನ್ನೇ ‘ಬಿಡಬೇಕೇ?’ ಎಂದು ಕೇಳಿದಾಗ ‘ಬಿಡಬಾರದು’ ಎಂದವರು ಶೇ 75. ‘ನಿಷೇಧ’ ಎಂಬ ಕಟು ಮಾತಿಗೆ ಜನ ಹಿಂಜರಿದರು. ಎರಡು ಪಕ್ಷಗಳನ್ನೂ ಪ್ರಶ್ನೆಯಲ್ಲೇ ಇಡಿ: ‘ಮೊಬೈಲ್ ಬಳಸಲು ಬಿಡಬೇಕೋ, ಬಿಡಬಾರದೋ?’

ಪ್ರಶ್ನೆ: ನಮ್ಮ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಹಳ್ಳಿಯ ಕುಡಿತದ ಸಮಸ್ಯೆಯ ಸಮೀಕ್ಷೆ ಮಾಡುವ ಆಲೋಚನೆಯಿದೆ. ಜನ ನಿಜ ಹೇಳುವಂತೆ ಕೇಳುವುದು ಹೇಗೆ?
– ಉಪನ್ಯಾಸಕರು, ಮಂಡ್ಯ

ಉತ್ತರ: ಮೊದಲು, ನಾಲ್ಕೈದು ವಿದ್ಯಾರ್ಥಿಗಳು ಗುಂಪಾಗಿ ಒಂದು ಮನೆಗೆ ಹೋಗುವುದನ್ನು ನಿಲ್ಲಿಸಿ. ಒಬ್ಬರು ಕೇಳಬೇಕು, ಒಬ್ಬರು ಹೇಳಬೇಕು, ಮೂರನೆಯವರು ಕೇಳಿಸಿಕೊಳ್ಳಬಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ, ಅದೂ ಏಕಾಂತ ಸಿಕ್ಕರೆ ಮಾತ್ರ ಕೇಳುತ್ತಾರೆ. ನಿಮ್ಮವರೂ ಅದನ್ನು ಪಾಲಿಸಲಿ: ಯಾರಾದರೂ ಬಂದರೆ ಕೂಡಲೇ ಬೇರೆ ವಿಷಯಕ್ಕೆ ಹೊರಳಬೇಕು.

ವೈಯಕ್ತಿಕ ಉತ್ತರ ಬೇಕಿಲ್ಲ, ಊರಿನಲ್ಲಿ ಎಷ್ಟು ಪಾಲು ಎಂದು ತಿಳಿದರೆ ಸಾಕು ಎನ್ನುವುದಾದರೆ ನಾಣ್ಯದ ವಿಧಾನ ಬಳಸಬಹುದು. 1965ರಲ್ಲಿ ಸಂಶೋಧಕ ಸ್ಟ್ಯಾನ್ಲಿ ವಾರ್ನರ್ ತೋರಿಸಿಕೊಟ್ಟ ದಾರಿಯ ಸುಲಭ ರೂಪ ಇದು. ಉತ್ತರಿಸುವವರು ನಿಮಗೆ ಕಾಣದಂತೆ ನಾಣ್ಯ ಚಿಮ್ಮುತ್ತಾರೆ. ತಲೆ ಬಿದ್ದರೆ ಸುಮ್ಮನೆ ‘ಹೌದು’ ಎನ್ನಬೇಕು. ಬಾಲ ಬಿದ್ದರೆ ‘ಕಳೆದ 7 ದಿನಗಳಲ್ಲಿ ಕುಡಿದಿದ್ದೀರಾ?’ ಎಂಬುದಕ್ಕೆ ನಿಜ ಹೇಳಬೇಕು. 200 ಜನರಲ್ಲಿ 130 ‘ಹೌದು’ ಬಂತೆನ್ನಿ. ಸುಮಾರು 100 ನಾಣ್ಯದಿಂದ ಬಂದವು. ಉಳಿದ 100 ಜನರಲ್ಲಿ 30 ನಿಜವಾದ ‘ಹೌದು’, ಅಂದರೆ ಅಂದಾಜು ಶೇ 30. ಯಾರು ಕುಡಿದವರು ಎಂದು ನಿಮಗೂ ಗೊತ್ತಾಗುವುದಿಲ್ಲ. ಆದರೆ 40-50 ಜನರ ಸಮೀಕ್ಷೆಗೆ ಇದು ಒಗ್ಗದು, ನಾಣ್ಯದ ಏರುಪೇರೇ ಫಲಿತಾಂಶವನ್ನು ನುಂಗಿಬಿಡುತ್ತದೆ.

18 ವರ್ಷದೊಳಗಿನವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಕೇಳಬೇಡಿ. ಯಾರಾದರೂ ಮಹಿಳೆ ಹೊಡೆತ-ಬಡಿತದ ವಿಷಯ ಹೇಳಿಕೊಂಡರೆ ವಿದ್ಯಾರ್ಥಿ ಏನು ಮಾಡಬೇಕೆಂದು ಮೊದಲೇ ಕಲಿಸಿರಿ. ಮಹಿಳಾ ಸಹಾಯವಾಣಿ 181 ಅವರ ಬಾಯಲ್ಲಿರಲಿ.

ಪ್ರಶ್ನೆ: ನಮ್ಮ ಕನ್ನಡ ಸಂಘದಲ್ಲಿ 600 ಸದಸ್ಯ ಕುಟುಂಬಗಳಿವೆ. ಮಕ್ಕಳಿಗೆ ಕನ್ನಡ ತರಗತಿ ಬೇಕೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಹಾಕಿದೆವು. 83 ಉತ್ತರ ಬಂದಿವೆ, ಬಹುತೇಕ ಎಲ್ಲರೂ ‘ಬೇಕು’ ಎಂದಿದ್ದಾರೆ. ಇಷ್ಟು ಸಾಕೇ?
– ಸಂಘದ ಕಾರ್ಯದರ್ಶಿ, ನ್ಯೂಜೆರ್ಸಿ

ಉತ್ತರ: ಸಂಖ್ಯೆಯ ಲೆಕ್ಕದಲ್ಲಿ ಸಾಕು. 600 ಮನೆಗಳಲ್ಲಿ ಲಾಟರಿ ಎತ್ತಿದಂತೆ ಆರಿಸಿದ 83 ಮನೆಗಳಿಂದ, ಶೇ 95ರ ಭರವಸೆಯೊಂದಿಗೆ (ಹೀಗೆ ನೂರು ಸಲ ಎತ್ತಿದರೆ ಸುಮಾರು 95 ಸಲ), ಶೇ 10ರಷ್ಟು ಹೆಚ್ಚು-ಕಡಿಮೆಯೊಳಗೆ ಉತ್ತರ ಸಿಗುತ್ತದೆ. ಶೇ 5ಕ್ಕೆ ಇಳಿಸಬೇಕಾದರೆ 235 ಬೇಕು. ಆದರೆ ನಿಮ್ಮ 83 ಮಂದಿ ಆರಿಸಿದವರಲ್ಲ, ತಾವಾಗಿ ಬಂದವರು. ಆಸಕ್ತಿ ಇದ್ದವರು ಫಾರ್ಮ್ ತೆರೆದರು, ಇಲ್ಲದವರು ಸಂದೇಶ ದಾಟಿ ಮುಂದೆ ಹೋದರು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮೊದಲು ಅಲ್ಲಿನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಮತಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಫೋನು, ಕಾರು ಇದ್ದವರ ಪಟ್ಟಿಯಿಂದ ಹೆಸರು ತೆಗೆದದ್ದು ಒಂದು ದೋಷ, ಉತ್ತರಿಸಿದವರು ಉತ್ತರಿಸದವರಂತೆ ಇರಲಿಲ್ಲ ಎಂಬುದು ಇನ್ನೊಂದು.

ಸದಸ್ಯರ ಪಟ್ಟಿಯಿಂದ 100 ಮನೆಗಳನ್ನು ಲಾಟರಿಯಲ್ಲಿ ಆರಿಸಿ, ಉತ್ತರಿಸದವರಿಗೆ ಫೋನ್ ಮಾಡಿ. ‘ಬೇಕೇ?’ ಎಂದು ಕೇಳಬೇಡಿ, ಕನ್ನಡ ಬೇಡ ಎಂದು ಯಾರೂ ಹೇಳಲಾರರು. ‘ಶನಿವಾರ ಬೆಳಿಗ್ಗೆ 10ರಿಂದ 11:30, ಇಂಥ ಊರಿನಲ್ಲಿ, ಇಷ್ಟು ಶುಲ್ಕ: ಮುಂದಿನ ತಿಂಗಳಿಂದ ಯಾವ ಮಗುವನ್ನು ಕಳಿಸುತ್ತೀರಿ, ವಯಸ್ಸೆಷ್ಟು?’ ಎಂದು ಕೇಳಿ. ‘ಈ ಸಮಯಕ್ಕೆ ಆಗದು’ ಎಂಬ ಆಯ್ಕೆಯೂ ಇರಲಿ.

ಪ್ರಶ್ನೆ: ಬಿ.ಇಡಿ. ಯೋಜನೆಗೆ ಸಮಯ ಕಡಿಮೆಯಿದೆ. ಪೈಲಟ್ (ಮುಖ್ಯ ಸಮೀಕ್ಷೆಗೆ ಮೊದಲು ಕೆಲವರ ಮೇಲೆ ಪ್ರಶ್ನಾವಳಿಯ ಪರೀಕ್ಷೆ) ಬಿಡಬಹುದೇ?
– ಪ್ರಶಿಕ್ಷಣಾರ್ಥಿ, ಕಲಬುರಗಿ

ಉತ್ತರ: ಬಿಡಬೇಡಿ, ಎರಡು ದಿನದ ಕೆಲಸ. ಮೊದಲ ದಿನ 5-6 ಜನರಿಗೆ ಪ್ರಶ್ನೆ ಓದಿ, ‘ಇದನ್ನ ನಿಮ್ಮ ಮಾತಿನಾಗ ಹೇಳ್ರಿ’ ಎನ್ನಿ. ಅವರು ಹೇಳಿದ್ದು ನೀವು ಕೇಳಬೇಕೆಂದದ್ದಕ್ಕಿಂತ ಬೇರೆಯಾದರೆ ಪ್ರಶ್ನೆ ತಿದ್ದಿ. ಎರಡನೆಯ ದಿನ 20-25 ಜನರಿಗೆ ಪೂರ್ತಿ ಪ್ರಶ್ನಾವಳಿ ಕೇಳಿ, ಗಡಿಯಾರ ನೋಡಿಕೊಳ್ಳಿ. ಹತ್ತರಲ್ಲಿ ಒಂಬತ್ತು ಜನ ಒಂದೇ ಆಯ್ಕೆ ಹೇಳಿದ ಪ್ರಶ್ನೆ ಏನನ್ನೂ ಅಳೆಯುತ್ತಿಲ್ಲ. ‘ಇತರೆ’ ಹತ್ತಕ್ಕೆ ಒಂದಕ್ಕಿಂತ ಹೆಚ್ಚಾದರೆ ಒಂದು ಆಯ್ಕೆ ಬಿಟ್ಟುಹೋಗಿದೆ. ‘ಗೊತ್ತಿಲ್ಲ’ ಹೆಚ್ಚಾದರೆ ತಪ್ಪು ವ್ಯಕ್ತಿಯನ್ನು ಕೇಳುತ್ತಿದ್ದೀರಿ ಅಥವಾ ತುಂಬ ಹಳೆಯದನ್ನು ಕೇಳುತ್ತಿದ್ದೀರಿ. ‘ಇಲ್ಲ ಎಂದರೆ 14ಕ್ಕೆ ಹೋಗಿ’ ಎಂಬ ಸೂಚನೆಗಳು ಸರಿಯಾದ ಪ್ರಶ್ನೆಗೇ ಮುಟ್ಟುತ್ತವೆಯೇ ಎಂದು ಎರಡೂ ದಾರಿಯಲ್ಲಿ ನಡೆದು ನೋಡಿ. ತಿದ್ದುಪಡಿಯಾದರೆ ಪೈಲಟ್‌ನ ಉತ್ತರಗಳನ್ನು ಮುಖ್ಯ ದತ್ತಾಂಶಕ್ಕೆ ಸೇರಿಸಬೇಡಿ.