ಬಳ್ಳಾರಿಯಲ್ಲಿ ಚಿಕ್ಕ ಅಂಗಡಿಯವರು ಮಹಾನಗರ ಪಾಲಿಕೆಗೆ ಸಾಮಗ್ರಿ ಪೂರೈಸಬೇಕಾದರೆ ಒಳಗೆ ಯಾರ ಪರಿಚಯವಿರಬೇಕು?

ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಬ್ಲೀಚಿಂಗ್ ಪೌಡರ್, ಫಿನಾಯಿಲ್ ಮಾರುತ್ತಿದ್ದ ಕಾಲದಲ್ಲಿ ನಾನೂ ಇದನ್ನೇ ಕೇಳುತ್ತ ಹಲವರ ಮನೆ ಬಾಗಿಲಿಗೆ ಹೋಗಿದ್ದೇನೆ. ಪರಿಚಯಗಳು ಬೆಳೆದವು, ಆದರೆ ಅವುಗಳಿಂದ ಒಂದು ಚೀಲವೂ ಮಾರಾಟವಾಗಲಿಲ್ಲ. ಪಾಲಿಕೆಯಾಗಲಿ ನಗರಸಭೆಯಾಗಲಿ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ರಾಜ್ಯ ಮಾಡಿರುವ 1999ರ ಕೆಟಿಪಿಪಿ ಕಾಯ್ದೆಗೆ ಒಳಪಟ್ಟಿವೆ. ಸಣ್ಣ ಮೊತ್ತದ ಖರೀದಿಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಟೆಂಡರ್ ಕರೆಯಲೇಬೇಕು, ಅದು ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಪ್ಯಾನ್, ಜಿಎಸ್‌ಟಿ ಸಂಖ್ಯೆ, ಡಿಜಿಟಲ್ ಸಹಿ ಇಟ್ಟುಕೊಂಡು ಅಲ್ಲಿ ನೋಂದಾಯಿಸಿಕೊಳ್ಳಿ.

ನನಗೆ ನಷ್ಟವಾದದ್ದು ಪರಿಚಯದ ಕೊರತೆಯಿಂದಲ್ಲ, ದರ ತುಂಬುವ ಒಂದು ಅಂಕಣದಿಂದ. ಈ ಭಾಗದ ಒಂದು ನಗರ ಸ್ಥಳೀಯ ಸಂಸ್ಥೆ ಬ್ಲೀಚಿಂಗ್ ಪೌಡರ್ ಪೂರೈಕೆಗೆ ಟೆಂಡರ್ ಕರೆದಿತ್ತು. ಅಂಗಡಿಯಲ್ಲಿ ನಾವು ದರ ಹೇಳಿ, ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ಸೇರಿಸುತ್ತಿದ್ದೆವು. ಅದೇ ರೂಢಿಯಲ್ಲಿ ದರ ತುಂಬಿದೆ. ದರವು ಎಲ್ಲ ತೆರಿಗೆ, ಸಾಗಣೆ, ಇಳಿಸುವ ಕೂಲಿಯನ್ನು ಒಳಗೊಂಡಿರತಕ್ಕದ್ದು ಎಂಬ ಷರತ್ತು ದಾಖಲೆಯ ಕೊನೆಯ ಪುಟಗಳಲ್ಲಿತ್ತು, ನಾನು ಅಲ್ಲಿಯವರೆಗೆ ಓದಿರಲಿಲ್ಲ. ಲೆಕ್ಕ ನೋಡಿ: ತೆರಿಗೆ ಬಿಟ್ಟು 90 ರೂಪಾಯಿಗೆ ಕೊಂಡ ಸರಕಿಗೆ 100 ರೂಪಾಯಿ ಹಾಕಿದರೆ, ಶೇಕಡಾ 18ರ ಜಿಎಸ್‌ಟಿ ಮೇಲೆ ಬರುವಾಗ 10 ರೂಪಾಯಿ ಉಳಿಯುತ್ತದೆ. ಅದೇ 100 ರೂಪಾಯಿಯೊಳಗೇ ತೆರಿಗೆ ಸೇರಿದ್ದರೆ ನಿಜವಾದ ಬೆಲೆ 84 ರೂಪಾಯಿ 75 ಪೈಸೆ ಮಾತ್ರ. ಖರೀದಿಯಲ್ಲಿ ಕಟ್ಟಿದ ತೆರಿಗೆ ಪೂರ್ತಿ ಹಿಂದಿರುಗಿದರೂ ಪ್ರತಿ ನೂರಕ್ಕೆ 5 ರೂಪಾಯಿ 25 ಪೈಸೆ ಕೈಯಿಂದ ಹೋಗುತ್ತದೆ, ಲಾರಿ ಬಾಡಿಗೆ ಬೇರೆ. ಆರ್ಥಿಕ ಬಿಡ್, ಅಂದರೆ ಎಲ್ಲರೂ ಹಾಕಿದ ದರಗಳನ್ನು ತೆರೆದಾಗ ನನ್ನದೇ ಅತಿ ಕಡಿಮೆ ದರವಾಗಿತ್ತು. ಗಡುವು ಮುಗಿದ ಮೇಲೆ ದರ ಬದಲಿಸುವಂತಿಲ್ಲ, ಹಿಂದೆ ಸರಿದರೆ ಬಿಡ್ ಜೊತೆ ಇಟ್ಟ ಠೇವಣಿ (ಇಎಂಡಿ) ಮುಟ್ಟುಗೋಲಾಗುತ್ತದೆ ಮತ್ತು ಕಪ್ಪುಪಟ್ಟಿಗೆ ಸೇರುವ ಭಯವೂ ಇರುತ್ತದೆ. ಆದ್ದರಿಂದ ಕೊನೆಯ ಚೀಲದವರೆಗೂ ನಷ್ಟದಲ್ಲೇ ಪೂರೈಸಿದೆ.

ಷರತ್ತು ಓದದೆ ದರ ತುಂಬಿದರೆ, ಯಾರು ತುಂಬಿದರೂ ನಷ್ಟ ನಮ್ಮದೇ. ಹೀಗಾಗಿ ಒಂದು ಮಾತನ್ನು ಖಂಡಿತವಾಗಿ ಹೇಳುತ್ತೇನೆ: ಡಿಜಿಟಲ್ ಸಹಿಯನ್ನು ಏಜೆಂಟರ ಕೈಗೆ ಕೊಟ್ಟು ದರ ತುಂಬಿಸಬೇಡಿ. ಟೆಂಡರ್ ದಾಖಲೆಯನ್ನು ಮುದ್ರಿಸಿಕೊಂಡು, ತೆರಿಗೆಯ ಷರತ್ತನ್ನು ಮೊದಲು ಹುಡುಕಿ, ಅನುಮಾನವಿದ್ದರೆ ಗಡುವಿಗೆ ಮುಂಚೆ ಬರವಣಿಗೆಯಲ್ಲಿ ಸ್ಪಷ್ಟನೆ ಕೇಳಿ, ನಂತರ ನೀವೇ ದರ ಹಾಕಿ.

ಹಣದ ವಿಷಯದಲ್ಲಿಯೂ ತಪ್ಪು ನಂಬಿಕೆ ಬೇಡ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯಿದ್ದರೆ 45 ದಿನಗಳಲ್ಲಿ ಬಿಲ್ ಪಾವತಿಯಾಗಲೇಬೇಕು ಎಂದು ಅನೇಕರು ಹೇಳುತ್ತಾರೆ. ಸಣ್ಣ ಉದ್ದಿಮೆಗಳಿಗೆ ಸಂಬಂಧಿಸಿದ 2006ರ ಎಂಎಸ್‌ಎಂಇಡಿ ಕಾಯ್ದೆಯ ಆ ರಕ್ಷಣೆ ತಯಾರಿಕೆ ಅಥವಾ ಸೇವೆಯಲ್ಲಿ ತೊಡಗಿರುವ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಇದೆಯೇ ಹೊರತು ಕೊಂಡು ಮಾರುವ ವ್ಯಾಪಾರಿಗಳಿಗೆ ಸಿಗುವುದಿಲ್ಲ. ಬಿಲ್ ಬರುವವರೆಗೆ ಅಂಗಡಿ ನಡೆಸುವಷ್ಟು ಬಂಡವಾಳವಿಲ್ಲದಿದ್ದರೆ ದೊಡ್ಡ ಟೆಂಡರ್‌ಗೆ ಕೈಹಾಕಬೇಡಿ. ಗುತ್ತಿಗೆಯ ಮೌಲ್ಯ ತೆರಿಗೆ ಬಿಟ್ಟು 2.5 ಲಕ್ಷ ರೂಪಾಯಿ ಮೀರಿದರೆ ಬಿಲ್ ಪಾವತಿಸುವಾಗಲೇ ಶೇಕಡಾ 2ರಷ್ಟು ತೆರಿಗೆ (ಜಿಎಸ್‌ಟಿ ಟಿಡಿಎಸ್) ಕಡಿತವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಅದನ್ನು ಒಪ್ಪಿಕೊಂಡಾಗಲೇ ಆ ಮೊತ್ತ ಅದೇ ಪೋರ್ಟಲ್‌ನಲ್ಲಿರುವ ನಿಮ್ಮ ನಗದು ಖಾತೆಗೆ (ಬ್ಯಾಂಕ್ ಖಾತೆಗಲ್ಲ) ಜಮೆಯಾಗುತ್ತದೆ.

ಟೆಂಡರ್ ಅಂಗೀಕಾರದ ಆದೇಶದಲ್ಲಿ ಅನ್ಯಾಯವಾಗಿದೆ ಎನಿಸಿದರೆ, ಅದು ಕೈಸೇರಿದ 30 ದಿನಗಳೊಳಗೆ ಕೆಟಿಪಿಪಿ ಕಾಯ್ದೆಯ 16ನೆಯ ಪ್ರಕರಣದಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆಗಲೂ ಪರಿಚಯಸ್ಥರನ್ನು ಹುಡುಕುತ್ತ ಆ ದಿನಗಳನ್ನು ಕಳೆದುಕೊಳ್ಳಬೇಡಿ.