ಊರಿಗೆ ಹಳತು, ವಿಜ್ಞಾನಕ್ಕೆ ಹೊಸತು

ಪ್ರಶ್ನೆ: ಊರಿನವರು ನಿತ್ಯ ನೋಡುವ ಕಪ್ಪೆಯನ್ನು ವಿಜ್ಞಾನಿಗಳು ‘ಹೊಸ ಪ್ರಭೇದ’ ಎನ್ನುವುದು ಹೇಗೆ?
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ‘ಹೊಸತು’ ಎಂದರೆ ಇಲ್ಲಿ ವಿಜ್ಞಾನದ ದಾಖಲೆಗೆ ಹೊಸತು ಎಂದಷ್ಟೇ ಅರ್ಥ, ‘ಪತ್ತೆ’ ಎಂಬ ಪತ್ರಿಕೆಗಳ ಪದ ತುಸು ದಾರಿ ತಪ್ಪಿಸುತ್ತದೆ. ನಿಮ್ಮ ಸೀಮೆಯ ಕುಂಬಾರ ಕಪ್ಪೆಯನ್ನೇ ನೋಡಿ. ತೊರೆಯ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮೊಟ್ಟೆಯಿಟ್ಟ ಬಳಿಕ ಗಂಡು ಮುಂಗಾಲುಗಳಿಂದ ಕೆಸರೆತ್ತಿ, ಮಡಕೆಗೆ ಮಣ್ಣು ಮೆತ್ತುವಂತೆ ಮೊಟ್ಟೆಗಳಿಗೆ ಬಳಿಯುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನಂಥ ಕಾಡುಗಳಲ್ಲಿ ಇದು ಎಂದಿನಿಂದಲೋ ಇದ್ದರೂ, ‘ನಿಕ್ಟಿಬಟ್ರಾಕಸ್ ಕುಂಬಾರ’ ಎಂಬ ಹೆಸರು ದೊರೆತದ್ದು 2014ರಲ್ಲಿ. ಇದು ಸೇರಿದ ಗುಂಪಿನ ಇರುಳ ಕಪ್ಪೆಗಳು ನೋಟಕ್ಕೆ ಒಂದನ್ನೊಂದು ಹೋಲುವುದರಿಂದ ಮೈಯಳತೆಯೊಂದೇ ಸಾಲದೆ, ಕೂಗಿನ ಧ್ವನಿಮುದ್ರಣವನ್ನೂ ಡಿಎನ್‌ಎಯನ್ನೂ ಹತ್ತಿರದ ಪ್ರಭೇದಗಳೊಂದಿಗೆ ತಾಳೆ ನೋಡಬೇಕಾಗುತ್ತದೆ. ಬಳಿಕ ಒಂದು ಮಾದರಿಯನ್ನು ಆ ಹೆಸರಿನ ಆಧಾರವೆಂದು ಗೊತ್ತುಪಡಿಸಿ, ಮುಂದಿನವರು ಪರೀಕ್ಷಿಸಲು ಸಿಗುವಂತೆ ಸಂಗ್ರಹಾಲಯದಲ್ಲಿರಿಸಿ, ಲಕ್ಷಣಗಳ ವಿವರಣೆಯನ್ನು ಪ್ರಕಟಿಸಬೇಕು. ಅಲ್ಲಿಯವರೆಗೆ ಹೆಸರಿಗೆ ಮಾನ್ಯತೆಯಿಲ್ಲ. ಅಂದಹಾಗೆ, ‘ಕುಂಬಾರ’ ನಮ್ಮ ಕನ್ನಡದ ಪದವೇ: ‘ನಿಕ್ಟಿಬಟ್ರಾಕಸ್’ನಂಥ ಲ್ಯಾಟಿನ್ ರೂಪದ ಜಾತಿನಾಮದ ಪಕ್ಕದಲ್ಲಿ ಸ್ಥಳೀಯ ಪದವನ್ನಿಡಲು ನಿಯಮಗಳ ಅಡ್ಡಿಯಿಲ್ಲ.